ಕಮರ, ಮಂದಾರ, ಮುತ್ತುಗ: ಹೂವು ಮತ್ತು ಕಾಯಿ ನೋಡಿ ಉಪಕುಟುಂಬ ಹೇಳುವುದು ಹೇಗೆ?

ಜೋಗಿಮಟ್ಟಿ ನಡಿಗೆ (ಚಿತ್ರದುರ್ಗ)

ಎಲ್ಲರಿಗೂ ನಮಸ್ಕಾರ. ಹಿರಿಯೂರು ಆಚೆಯ ಒಣ ಗುಡ್ಡದಲ್ಲಿ ಕಮರದ ಮರಗಳ ಕೆಳಗೆ ಬಿದ್ದಿದ್ದ ಕಾಯಿಗಳನ್ನು ಆರಿಸಿ ತಂದಿದ್ದೇನೆ. ಚಿತ್ರ ಹಾಕಿದ್ದೇನೆ, ನೋಡಿ. ಒಂದೊಂದು ಎಲೆಯಲ್ಲೂ ಎರಡೇ ಕಿರುಎಲೆಗಳು, ತೊಟ್ಟಿನ ತುದಿಯಲ್ಲಿ ಅಂಟಿಕೊಂಡು ನಿಂತಿವೆ. ಸ್ವಲ್ಪ ದೂರದಿಂದ ನೋಡಿದರೆ ಮಂದಾರದ ಸೀಳೆಲೆಯೇ ಸರಿ. ಆದರೆ ಕಾಯಿ ಮುತ್ತುಗದ ಕಾಯಿಯನ್ನು ಹೋಲುತ್ತದೆ: ತೆಳುವಾಗಿ ಚಪ್ಪಟೆ, ತುದಿಯಲ್ಲಿ ಒಂದೇ ಬೀಜ, ಉಳಿದದ್ದೆಲ್ಲ ರೆಕ್ಕೆ. ಅಳತೆಯಲ್ಲಿ ಮಾತ್ರ ಮುತ್ತುಗದ ಅರ್ಧವೂ ಇಲ್ಲ.

ಎಲೆ ಒಂದು ಕಡೆ ಎಳೆಯುತ್ತದೆ, ಕಾಯಿ ಇನ್ನೊಂದು ಕಡೆ. ಇವೆಲ್ಲ ಅವರೆ, ತೊಗರಿ, ಹುಣಸೆಗಳ ದೊಡ್ಡ ಕುಟುಂಬಕ್ಕೆ ಸೇರಿದವು ಎಂಬುದು ಗೊತ್ತು. ಅದರೊಳಗೆ ಯಾವುದು ಯಾವ ಉಪಕುಟುಂಬ ಎಂದು ಹೂವು ಮತ್ತು ಕಾಯಿಯನ್ನು ಕೈಯಲ್ಲಿ ಹಿಡಿದು ಹೇಳಲು ಸಾಧ್ಯವೇ? ನನ್ನ ಬಳಿ ಇರುವ ಹಳೆಯ ಪದವಿ ಪುಸ್ತಕದಲ್ಲಿ ಮೂರು ಉಪಕುಟುಂಬಗಳಿವೆ, ಅಂತರಜಾಲದಲ್ಲಿ ಆರು ಎನ್ನುತ್ತಾರೆ. ಕಮರದ ಹೂವು ಸದ್ಯಕ್ಕೆ ಸಿಗುತ್ತಿಲ್ಲ.

ಹಿರಿಯೂರು ಬೇಸಾಯ

ಕಮರದ ಹೂವು ಬೇಕಿದ್ದರೆ ಮಳೆಗಾಲಕ್ಕೆ ಬನ್ನಿ. ಬಂದರೂ ಹುಡುಕಬೇಕು, ಅಷ್ಟು ಸಣ್ಣದು. ನಮ್ಮ ಹಿರಿಯರು ಇದರ ತೊಗಟೆಯ ನಾರಿನಿಂದ ಹಗ್ಗ ಹೊಸೆಯುತ್ತಿದ್ದರು, ಬೇಸಿಗೆಯಲ್ಲಿ ಸೊಪ್ಪು ಕಡಿದು ದನಗಳಿಗೆ ಹಾಕುತ್ತಿದ್ದರು. ಮರ ಎಷ್ಟು ಗಟ್ಟಿ ಎಂದರೆ ಕೊಡಲಿಯೇ ಹಿಂದೆ ಸರಿಯುತ್ತದೆ. ಉಪಕುಟುಂಬ ನನಗೆ ಗೊತ್ತಿಲ್ಲ, ಓದುತ್ತಿದ್ದೇನೆ.

ತಂಗಡಿ ಹೂವು (ದಾವಣಗೆರೆ)

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವವಳು ನಾನು. ಪ್ರತಿವರ್ಷ ಇದೇ ಪ್ರಶ್ನೆ ಬರುವುದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಕಾಯಿಯ ವಿಚಾರ ಮುಗಿಸೋಣ. ಈ ಕುಟುಂಬದಲ್ಲಿ ಕಾಯಿಯನ್ನು ನಂಬಿ ಸಂಬಂಧ ಹೇಳಲು ಹೊರಟರೆ ದಾರಿ ತಪ್ಪುವುದು ಖಚಿತ. ಬೀಜ ಹೇಗೆ ಪ್ರಯಾಣ ಮಾಡುತ್ತದೆ ಎಂಬುದನ್ನು ಕಾಯಿ ಹೇಳುತ್ತದೆ, ಯಾರ ಮನೆಯದು ಎಂಬುದನ್ನು ಹೇಳುವುದಿಲ್ಲ. ಕಮರ ಮತ್ತು ಮುತ್ತುಗ ಎರಡೂ ಬಯಲಿನ ಗಾಳಿಯನ್ನು ನೆಚ್ಚಿಕೊಂಡ ಮರಗಳು. ಕಾಯಿಗೆ ಒಂದೇ ಬೀಜ ಕಟ್ಟಿ, ತುದಿಗೆ ಭಾರ ಕೊಟ್ಟು, ಉಳಿದ ಭಾಗವನ್ನು ರೆಕ್ಕೆ ಮಾಡಿಕೊಳ್ಳುವ ಉಪಾಯ ಎರಡಕ್ಕೂ ಬೇರೆಬೇರೆಯಾಗಿ ಒದಗಿದೆ. ಹೊನ್ನೆ ಅದೇ ಕೆಲಸವನ್ನು ಬೀಜವನ್ನು ನಡುವೆ ಇಟ್ಟು ಸುತ್ತ ದುಂಡನೆಯ ರೆಕ್ಕೆ ಬೆಳೆಸಿ ಮಾಡುತ್ತದೆ. ರಸ್ತೆ ಬದಿಯ ಹಳದಿ ಗುಲ್‌ಮೊಹರ್, ಅಂದರೆ ಪೆಲ್ಟೋಫೋರಮ್, ತಾಮ್ರಬಣ್ಣದ ಕಾಯಿಯ ಎರಡು ಅಂಚಿಗೂ ಕಿರುರೆಕ್ಕೆ ಹಚ್ಚಿಕೊಂಡಿದೆ. ರೆಕ್ಕೆ ಇರುವವೆಲ್ಲ ಒಂದು ಗುಂಪು ಎಂದುಕೊಂಡರೆ ಈ ನಾಲ್ಕು ಮರಗಳಲ್ಲೇ ಮೂರು ಉಪಕುಟುಂಬಗಳನ್ನು ಕಲಸಿದಂತಾಗುತ್ತದೆ.

ಮುತ್ತುಗ ಮತ್ತು ಹೊನ್ನೆ ಪ್ಯಾಪಿಲಿಯೋನಾಯ್ಡೀ, ಅವರೆಯ ಬಳಗ. ಪೆಲ್ಟೋಫೋರಮ್ ಸಿಸಾಲ್ಪಿನಿಯಾಯ್ಡೀ. ನಿಮ್ಮ ಕಮರ ಡೆಟಾರಿಯಾಯ್ಡೀ, ಹುಣಸೆಯ ಬಳಗ. ಮಂದಾರ ಇವು ಯಾವುದೂ ಅಲ್ಲ, ಸರ್ಸಿಡಾಯ್ಡೀ.

ಜೋಗಿಮಟ್ಟಿ ನಡಿಗೆ (ಚಿತ್ರದುರ್ಗ)

ಕಮರ ಹುಣಸೆಯ ಬಳಗವೇ? ಹುಣಸೆಕಾಯಿಗೂ ಈ ಕಾಯಿಗೂ ಎಲ್ಲಿಂದೆಲ್ಲಿಯ ನಂಟು ಮೇಡಂ!

ತಂಗಡಿ ಹೂವು (ದಾವಣಗೆರೆ)

ಅದಕ್ಕೇ ಕಾಯಿಯನ್ನು ಬದಿಗಿಡಿ ಎಂದದ್ದು. ಹುಣಸೆ ತಿರುಳು ತುಂಬಿ ಪ್ರಾಣಿಗಳಿಗೆ ಆಸೆ ತೋರಿಸುತ್ತದೆ, ಕಮರ ಗಾಳಿಗೆ ಬಿಡುತ್ತದೆ. ಹೂವಿಗೆ ಬನ್ನಿ. ಹುಣಸೆಯಲ್ಲಿ ಕಣ್ಣಿಗೆ ಕಾಣುವ ದಳಗಳು ಮೂರೇ: ಹಳದಿ, ಮೇಲೆ ಕೆಂಪು ಗೆರೆ. ಉಳಿದೆರಡು ಬರೀ ಹುರುಪೆಯಷ್ಟಾಗಿ ಬುಡದಲ್ಲಿ ಅಡಗಿವೆ. ಪೂರ್ಣ ಬೆಳೆದ ಕೇಸರಗಳೂ ಮೂರು. ಮೊಗ್ಗನ್ನು ಮುಚ್ಚಿಕೊಂಡಿರುವ ಕೆಂಪನೆಯ ಎರಡು ಹೊದಿಕೆಗಳು ಹೂವು ಅರಳುವಾಗ ಉದುರಿಹೋಗುತ್ತವೆ. ಕಮರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ದಳಗಳನ್ನೇ ಕೈಬಿಟ್ಟಿದೆ. ಮಾಸಲು ಹಳದಿಯ ಐದು ಹೊರದಳಗಳು, ಹತ್ತು ಕೇಸರ, ಅಷ್ಟೇ. ಸೀತಾ ಅಶೋಕವನ್ನು ನೋಡಿದ್ದೀರಲ್ಲ, ಅದರ ಕಿತ್ತಳೆ ಬಣ್ಣದ ಹೂವಿನಲ್ಲೂ ದಳ ಇಲ್ಲ. ನಾವು ದಳ ಎಂದು ಮೆಚ್ಚಿಕೊಳ್ಳುವುದು ಹೊರದಳಗಳನ್ನು. ಅದೂ ಇದೇ ಉಪಕುಟುಂಬ. ದಳ ಕಡಿಮೆ ಮಾಡುವುದು ಈ ಮನೆಯಲ್ಲಿ ಮತ್ತೆಮತ್ತೆ ಕಾಣುವ ಚಾಳಿ.

ಕೊಂಡಜ್ಜಿ ಕ್ಯಾಮೆರಾ

ಮೇಡಂ, ನನ್ನದೊಂದು ಪ್ರಶ್ನೆ. ಗುಲ್‌ಮೊಹರ್ ಹೂವಿನ ಹತ್ತಿರದ ಚಿತ್ರ ತೆಗೆದಿದ್ದೇನೆ. ನಾಲ್ಕು ದಳ ಕೆಂಪು, ಐದನೆಯದು ಮಾತ್ರ ಬಿಳಿ, ಅದರ ಮೇಲೆ ಕೆಂಪು ಹಳದಿ ಚುಕ್ಕೆಗೆರೆಗಳು. ಅದು ಮೇಲ್ಗಡೆ ಎದ್ದು ನಿಂತಿದೆ. ಅವರೆ ಹೂವಿನಲ್ಲಿ ಮೇಲೆ ನಿಲ್ಲುವ ದೊಡ್ಡ ದಳವನ್ನು ಧ್ವಜದಳ ಎನ್ನುತ್ತಾರಲ್ಲ, ಇದೂ ಧ್ವಜವೇ ಆಗಬೇಕಲ್ಲವೇ? ಹಾಗಾದರೆ ಗುಲ್‌ಮೊಹರ್ ಅವರೆಯ ಉಪಕುಟುಂಬಕ್ಕೆ ಸೇರಬೇಕು.

ತಂಗಡಿ ಹೂವು (ದಾವಣಗೆರೆ)

ಒಳ್ಳೆಯ ಪ್ರಶ್ನೆ, ಉತ್ತರ ಅರಳಿದ ಹೂವಿನಲ್ಲಿಲ್ಲ. ನಾಳೆಯೋ ನಾಡಿದ್ದೋ ಅರಳಲಿರುವ ಮೊಗ್ಗು ಕೀಳಿ. ಗುಲ್‌ಮೊಹರ್‌ದೊಂದು, ಹೊಲದ ಅವರೆಯದೋ ಹೊಂಗೆಯದೋ ಇನ್ನೊಂದು. ಹೊಲಿಗೆ ಸೂಜಿ ಇದ್ದರೆ ಸಾಕು, ಮಸೂರ ಇದ್ದರೆ ಒಳ್ಳೆಯದು. ಗೊಂಚಲಿನ ನಡುದಂಟಿಗೆ ಮುಖ ಮಾಡಿರುವ ಬದಿಯೇ ಹೂವಿನ ಮೇಲ್ಬದಿ, ಅದನ್ನು ಕೀಳುವ ಮುನ್ನವೇ ಪೆನ್ನಿನಿಂದ ಗುರುತು ಮಾಡಿಕೊಳ್ಳಿ. ಹೊರದಳಗಳನ್ನು ಬಿಡಿಸಿ, ನಂತರ ದಳಗಳನ್ನು ಹೊರಗಿನಿಂದ ಒಳಕ್ಕೆ ಒಂದೊಂದಾಗಿ ಸೂಜಿಯಿಂದ ಎತ್ತಿ.

ಹೊಂಗೆಯಲ್ಲಿ ಮೊದಲು ಕೈಗೆ ಸಿಗುವುದೇ ಮೇಲ್ಬದಿಯ ದಳ. ಅದು ಉಳಿದ ನಾಲ್ಕನ್ನೂ ತಬ್ಬಿಕೊಂಡಿದೆ. ಅದರ ಒಳಗೆ ಎರಡು ರೆಕ್ಕೆದಳ, ಅವುಗಳ ಒಳಗೆ ಒಂದಕ್ಕೊಂದು ಅಂಟಿಕೊಂಡ ಎರಡು ದೋಣಿದಳ, ದೋಣಿಯೊಳಗೆ ಕೇಸರ ಮತ್ತು ಶಲಾಕೆ. ಗುಲ್‌ಮೊಹರ್‌ನಲ್ಲಿ ಇದೆಲ್ಲ ತಲೆಕೆಳಗು. ಆ ಬಿಳಿ ದಳ, ಅಂದರೆ ಮೇಲ್ಬದಿಯದು, ಎಲ್ಲಕ್ಕಿಂತ ಒಳಗೆ ಸುರುಟಿಕೊಂಡು ಕುಳಿತಿದೆ, ಪಕ್ಕದ ದಳಗಳ ಅಂಚು ಅದರ ಮೇಲೆ ಬಂದಿದೆ. ಹೂವು ಅರಳಿದ ಮೇಲೆ ಮೇಲೆದ್ದು ನಿಂತಿತೆಂದು ಅದು ಧ್ವಜ ಆಗುವುದಿಲ್ಲ.

ತಂಗಡಿ, ಕಕ್ಕೆ, ಮಂದಾರ ಎಲ್ಲದರಲ್ಲೂ ಮೇಲಿನ ದಳ ಒಳಗೇ. ಹೊಂಗೆ, ಮುತ್ತುಗ, ಹಾಲವಾಣ, ತೊಗರಿ, ಶೇಂಗಾ, ಗುಲಗಂಜಿ ಎಲ್ಲದರಲ್ಲೂ ಹೊರಗೆ. ಇದೊಂದನ್ನು ನೋಡಲು ಕಲಿತರೆ ಅರ್ಧ ಕೆಲಸ ಮುಗಿಯಿತು ಎಂಬುದು ನನ್ನ ಅಭಿಪ್ರಾಯ. ಜೊತೆಗೆ ಹೊರದಳವನ್ನೂ ನೋಡಿ: ಹೊಂಗೆಯದು ಕೂಡಿಕೊಂಡು ಬಟ್ಟಲಾಗಿದೆ, ಅಂಚಿನ ಹಲ್ಲುಗಳೂ ಸ್ಪಷ್ಟವಿಲ್ಲ. ತಂಗಡಿಯಲ್ಲಿ ಐದೂ ಬಿಡಿಬಿಡಿ.

ಕೊಂಡಜ್ಜಿ ಕ್ಯಾಮೆರಾ

ಮನೆಯಂಗಳದ ಶಂಖಪುಷ್ಪದಲ್ಲಿ ದೊಡ್ಡ ದಳ ಕೆಳಗಿದೆಯಲ್ಲ?

ತಂಗಡಿ ಹೂವು (ದಾವಣಗೆರೆ)

ಹೌದು, ಆ ಹೂವು ತಿರುಗಿಕೊಂಡು ಅರಳುತ್ತದೆ. ಧ್ವಜ ಕೆಳಗೆ ಹಾಸುಗಲ್ಲಾಗಿ ಬಿದ್ದು, ದೋಣಿ ಮೇಲೆ ಬರುತ್ತದೆ. ಮೊಗ್ಗು ಬಿಡಿಸಿ, ಅಲ್ಲೂ ಧ್ವಜವೇ ಹೊರಗಿನದು.

ಒಣಗಿಸಿದ ಮಾದರಿ (ಚಿತ್ರದುರ್ಗ)

ನಿವೃತ್ತನಾದ ಮೇಲೂ ಗಿಡಗಳನ್ನು ಹಾಳೆಯ ಮೇಲೆ ಒತ್ತಿ ಒಣಗಿಸಿಡುವ ಹಳೆಯ ಚಟ ಬಿಟ್ಟಿಲ್ಲದ ನಾನು ಇಲ್ಲಿ ಮಧ್ಯೆ ಬರಲೇಬೇಕಾಗಿದೆ. ಮೇಡಂ ಹೇಳಿದ ಮೊಗ್ಗಿನ ಪರೀಕ್ಷೆ ನೂರಕ್ಕೆ ನೂರು ಸರಿ. ಆದರೆ ಆರು ಉಪಕುಟುಂಬ ಎಂದು ಮಕ್ಕಳನ್ನು ಹೆದರಿಸುವುದು ಯಾಕೆ? ಬೆಂಥಮ್ ಮತ್ತು ಹೂಕರ್ ಎಂಬ ಹಳೆಯ ಸಸ್ಯವಿಜ್ಞಾನಿಗಳ ಕಾಲದಿಂದ ಮೂರು ಗುಂಪುಗಳು ಚೆನ್ನಾಗಿಯೇ ಕೆಲಸ ಮಾಡಿವೆ. ಧ್ವಜ ಇರುವ ಹೂವು ಒಂದು ಗುಂಪು. ದಳ ಬಿಚ್ಚಿಕೊಂಡು, ಹೆಚ್ಚುಕಡಿಮೆ ಸಮ ಕಾಣುವ, ಮೇಲಿನ ದಳ ಒಳಗಿರುವ ಹೂವು ಎರಡನೆಯದು. ದಳಗಳು ಲೆಕ್ಕಕ್ಕೇ ಇಲ್ಲದಷ್ಟು ಸಣ್ಣವಾಗಿ, ಕೇಸರಗಳೇ ಹೊರಚಾಚಿ ಚೆಂಡೋ ಕುಚ್ಚೋ ಆಗಿ ಕಾಣುವುದು ಮೂರನೆಯದು, ಮೈಮೊಸಾಯ್ಡೀ: ಜಾಲಿ, ಬಾಗೆ, ಮುಟ್ಟಿದರೆ ಮುನಿ. ಕಾಡಿನಲ್ಲಿ ನಿಂತವನಿಗೆ ಇದಕ್ಕಿಂತ ಹೆಚ್ಚು ಬೇಡ. 2017ರಲ್ಲಿ ಮೈಮೊಸಾಯ್ಡೀಯನ್ನು ಸಿಸಾಲ್ಪಿನಿಯಾಯ್ಡೀಯೊಳಗೆ ತುರುಕಿದ್ದರಿಂದ ಜಾಲಿಯ ಚೆಂಡೂ ತಂಗಡಿಯ ಹೂವೂ ಒಂದೇ ಮನೆಗೆ ಬಂದವು. ಕಣ್ಣು ಒಪ್ಪುವುದಿಲ್ಲ.

ತಂಗಡಿ ಹೂವು (ದಾವಣಗೆರೆ)

ಕಣ್ಣು ಒಪ್ಪದಿದ್ದರೂ ಡಿಎನ್‌ಎ ಒಪ್ಪಿಸುತ್ತದೆ ಸರ್. ಹಳೆಯ ಸಿಸಾಲ್ಪಿನಿಯಾಯ್ಡೀ ಒಂದು ನಿಜವಾದ ಬಳಗ ಆಗಿರಲಿಲ್ಲ. ಧ್ವಜವೂ ಇಲ್ಲದ, ಕುಚ್ಚೂ ಅಲ್ಲದ ಎಲ್ಲವನ್ನೂ ಅಲ್ಲಿ ಸುರಿದಿದ್ದರು. ಮಂದಾರ, ಹುಣಸೆ, ತಂಗಡಿ ಮೂರೂ ಅಲ್ಲಿದ್ದವು. ಈಗ ನೋಡಿದರೆ ತಂಗಡಿಗೆ ಹುಣಸೆಗಿಂತ ಜಾಲಿಯೇ ಹತ್ತಿರದ ನೆಂಟ. ಮೈಮೋಸಾ ಗುಂಪು ತಂಗಡಿ, ಗುಲ್‌ಮೊಹರ್‌ಗಳ ಬಳಗದ ಒಳಗಿನಿಂದಲೇ ಹುಟ್ಟಿದ ಕೊಂಬೆ. ಕೊಂಬೆಯನ್ನು ಉಪಕುಟುಂಬವಾಗಿ ಉಳಿಸಿಕೊಂಡರೆ ಮಿಕ್ಕದ್ದನ್ನು ಚೂರುಚೂರು ಮಾಡಬೇಕಾಗುತ್ತದೆ.

ಆರರಲ್ಲಿ ನಮ್ಮ ಬಯಲುಸೀಮೆಯ ನಡಿಗೆಯಲ್ಲಿ ಎದುರಾಗುವುದು ನಾಲ್ಕೇ. ಡುಪಾರ್ಕೆಟಿಯಾಯ್ಡೀ ಎಂಬುದರಲ್ಲಿ ಇರುವುದೇ ಒಂದು ಜಾತಿ, ಅದು ಆಫ್ರಿಕಾದ ಬಳ್ಳಿ. ಡಯಾಲಿಯಾಯ್ಡೀ ಕೂಡ ಇಲ್ಲಿ ಕಾಣುವಂಥದ್ದಲ್ಲ. ಹೆದರಿಸುವಷ್ಟೇನೂ ಇಲ್ಲ.

ಒಣಗಿಸಿದ ಮಾದರಿ (ಚಿತ್ರದುರ್ಗ)

ಸಂಬಂಧಕ್ಕೆ ನಿಮ್ಮ ನಾಲ್ಕು, ಗುರುತಿಗೆ ನನ್ನ ಮೂರು. ನನ್ನ ಹಾಳೆಗಳ ಮೇಲಿನ ಚೀಟಿಗಳನ್ನು ಈ ವಯಸ್ಸಿನಲ್ಲಿ ಮತ್ತೆ ಬರೆಯಲಾರೆ. ಮೊದಲೇ ನಮ್ಮ ಜಾಲಿಯ ಹೆಸರು ಬದಲಾಗಿ ಸಾಕಾಗಿದೆ. 2005ರಲ್ಲಿ ವಿಯೆನ್ನಾದ ಸಸ್ಯವಿಜ್ಞಾನಿಗಳ ಮಹಾಸಭೆಯಲ್ಲಿ ಅಕೇಶಿಯಾ ಎಂಬ ಹೆಸರನ್ನು ಆಸ್ಟ್ರೇಲಿಯಾದ ಮರಗಳಿಗೆ ಬಿಟ್ಟುಕೊಟ್ಟರು, 2011ರಲ್ಲಿ ಮೆಲ್ಬರ್ನ್‌ನಲ್ಲಿ ಅದಕ್ಕೇ ಮುದ್ರೆ ಒತ್ತಿದರು. ಶತಮಾನಗಳಿಂದ ಅಕೇಶಿಯಾ ಆಗಿದ್ದ ಕರಿಜಾಲಿ ಈಗ ವ್ಯಾಚೆಲಿಯಾ.

ಚಳ್ಳಕೆರೆ ಎಣ್ಣೆಕಾಳು

ಹೂವು ಇಲ್ಲದ ಕಾಲದಲ್ಲಿ ಬೀಜದಿಂದ ಹೇಳಲು ಬರುತ್ತದೆಯೇ? ನಮ್ಮ ಮನೆಯಲ್ಲಿ ಕಾಳಿಗೇನೂ ಕೊರತೆ ಇಲ್ಲ.

ತಂಗಡಿ ಹೂವು (ದಾವಣಗೆರೆ)

ಬರುತ್ತದೆ, ಕಾಯಿಯ ಆಕಾರಕ್ಕಿಂತ ಬೀಜ ಹೆಚ್ಚು ಪ್ರಾಮಾಣಿಕ. ರಾತ್ರಿ ನೆನೆಸಿದ ಅವರೆಕಾಳನ್ನು ಬೆಳಿಗ್ಗೆ ಹಿಸುಕುವ ಮುನ್ನ ಒಮ್ಮೆ ನೋಡಿ. ಒಂದು ಅಂಚಿನಲ್ಲಿ ಬಿಳಿಯ ಉದ್ದ ಪಟ್ಟಿ ಇದೆಯಲ್ಲ, ಕಾಳು ಕಾಯಿಗೆ ಅಂಟಿಕೊಂಡಿದ್ದ ಜಾಗ ಅದೇ. ಸಿಪ್ಪೆ ತೆಗೆದು ಬೇಳೆ ಬಿಡಿಸಿದರೆ ಮೊಳಕೆಯ ಬೇರು ಬೇಳೆಯ ಅಂಚಿಗೆ ಬಾಗಿ ಮಲಗಿರುತ್ತದೆ. ಅಲಸಂದೆ, ಹೆಸರು, ಹುರುಳಿ ಯಾವುದನ್ನೇ ಬಿಡಿಸಿ, ಬಾಗಿದ ಬೇರೇ ಕಾಣುತ್ತದೆ. ಪ್ಯಾಪಿಲಿಯೋನಾಯ್ಡೀಯ ಸಾಮಾನ್ಯ ಗುರುತು ಇದು. ಉಳಿದ ಉಪಕುಟುಂಬಗಳಲ್ಲಿ ಬೇರು ಸಾಮಾನ್ಯವಾಗಿ ನೆಟ್ಟಗಿರುತ್ತದೆ.

ಇನ್ನು ಸುಬಾಬುಲ್, ಬಾಗೆ, ಮಳೆಮರಗಳ ಬೀಜದ ಚಪ್ಪಟೆ ಮುಖದ ಮೇಲೆ ಲಾಳಾಕಾರದ ಒಂದು ಸಣ್ಣ ಗೆರೆ ಎಳೆದಿದೆ. ಲಾಳದ ಬಾಯಿ ತೆರೆದಿರುತ್ತದೆ. ಮೈಮೋಸಾ ಗುಂಪಿನ ಬಹುಪಾಲು ಬೀಜಗಳಲ್ಲಿ ಇದು ಕಾಣುತ್ತದೆ, ಅವರೆ ಬಳಗದಲ್ಲಿ ಕಾಣುವುದಿಲ್ಲ. ಮಂದಾರದ ಬೀಜದಲ್ಲಿ ಕಾಯಿಗೆ ಅಂಟಿದ ಗಾಯವೇ ಅರ್ಧಚಂದ್ರಾಕಾರ.

ಚಳ್ಳಕೆರೆ ಎಣ್ಣೆಕಾಳು

ಈಗಷ್ಟೇ ಒಂದು ಹಿಡಿ ಶೇಂಗಾ ಬಿಡಿಸಿ ನೋಡಿದೆ ಮೇಡಂ. ಎಲ್ಲದರಲ್ಲೂ ಆ ಮೂತಿ ನೆಟ್ಟಗೆ ನಿಂತಿದೆ, ಎಲ್ಲೂ ಬಾಗಿಲ್ಲ. ಶೇಂಗಾ ಹೂವಿನಲ್ಲಿ ಧ್ವಜ ಇರುವುದನ್ನು ಹೊಲದಲ್ಲಿ ದಿನವೂ ನೋಡಿದ್ದೇನೆ. ಹಾಗಾದರೆ?

ಒಣಗಿಸಿದ ಮಾದರಿ (ಚಿತ್ರದುರ್ಗ)

ಭೇಷ್. ಶೇಂಗಾ ಈ ನಿಯಮಕ್ಕೆ ಅಪವಾದ, ಅದರ ಮೊಳಕೆ ನೆಟ್ಟಗೆ. ಕಾಯಿಯಲ್ಲೂ ಅದು ಯಾರ ಮಾತೂ ಕೇಳಿದ್ದಲ್ಲ. ಹೂವು ಮೇಲೆ ಹಳದಿಯಾಗಿ ಅರಳಿ, ಗರ್ಭ ಕಟ್ಟಿದ ಮೇಲೆ ಸೂಜಿಯೊಂದನ್ನು ನೆಲಕ್ಕೆ ಇಳಿಸಿ ಮಣ್ಣೊಳಗೆ ಕಾಯಿ ಬಲಿಯುತ್ತದೆ. ಹೂವು ಮಾತ್ರ ಅಪ್ಪಟ ಧ್ವಜ, ರೆಕ್ಕೆ, ದೋಣಿ. ಬೀಜ ಮತ್ತು ಹೂವು ಬೇರೆಬೇರೆ ಹೇಳಿದರೆ ಹೂವಿನ ಮಾತು ಕೇಳಿ.

ಹುಣಸೆಬೀಜದ ಬಗ್ಗೆಯೂ ಒಂದು ಎಚ್ಚರ. ಚೌಕಾಬಾರಕ್ಕೆ ಒಂದು ಮುಖ ತೇಯ್ದು ಬಿಳಿ ಮಾಡುತ್ತೀರಲ್ಲ, ತೇಯದ ಮುಖದ ನಡುವೆ ಸುತ್ತಲೂ ಗೆರೆ ಮುಚ್ಚಿದ ಒಂದು ಮಚ್ಚೆ ಇದೆ. ಅದನ್ನು ಲಾಳದ ಗೆರೆ ಎಂದುಕೊಂಡು ಹುಣಸೆಯನ್ನು ಜಾಲಿಯ ಪಕ್ಕ ಕೂರಿಸಿದವರನ್ನು ನೋಡಿದ್ದೇನೆ.

ಹಿರಿಯೂರು ಬೇಸಾಯ

ಬಳ್ಳಾರಿ ಜಾಲಿಯ ಕಾಯಿ ಒಡೆಯುವುದೇ ಇಲ್ಲ. ಕುರಿ ಮೇಕೆಗಳು ಸಿಹಿಗಾಗಿ ತಿನ್ನುತ್ತವೆ, ಹಿಕ್ಕೆ ಬಿದ್ದಲ್ಲೆಲ್ಲ ಮೊಳೆಯುತ್ತದೆ. ಇದು ಜಾಲಿಯ ಜಾತಿಯೇ ಅಲ್ಲ ಎಂದು ಕೃಷಿ ಮೇಳದಲ್ಲಿ ಒಬ್ಬರು ಹೇಳಿದ್ದರು. ಹೌದೇ?

ತಂಗಡಿ ಹೂವು (ದಾವಣಗೆರೆ)

ಹೌದು ಯಜಮಾನರೇ, ಗುಂಪು ಒಂದೇ ಆದರೂ ಕುಲ ಬೇರೆ. ಇದನ್ನೂ ಹೂವಿನಿಂದಲೇ ಹೇಳಬಹುದು. ಮೈಮೋಸಾ ಗುಂಪಿನೊಳಗೆ ಕೇಸರ ಎಣಿಸುವುದು ದೊಡ್ಡ ಉಪಾಯ. ಚೆಂಡಿನಿಂದ ಅಥವಾ ಕದಿರಿನಿಂದ ಒಂದೇ ಒಂದು ಹೂವನ್ನು ಸೂಜಿಯಲ್ಲಿ ಬಿಡಿಸಿಕೊಳ್ಳಿ. ಬಳ್ಳಾರಿ ಜಾಲಿ, ಸುಬಾಬುಲ್‌ಗಳಲ್ಲಿ ಹತ್ತೇ ಕೇಸರ. ಕರಿಜಾಲಿ, ಕಗ್ಗಲಿಗಳಲ್ಲಿ ಎಣಿಸಲಾಗದಷ್ಟು, ಒಂದಕ್ಕೊಂದು ಅಂಟದೆ ಬಿಡಿಬಿಡಿ. ಬಾಗೆ, ಮಳೆಮರ, ಸೀಮೆಹುಣಸೆಗಳಲ್ಲೂ ತುಂಬ ಇವೆ, ಆದರೆ ಬುಡದಲ್ಲಿ ಕೂಡಿಕೊಂಡು ಸಣ್ಣ ಕೊಳವೆಯಾಗಿವೆ. ಒಂದನ್ನು ಎಳೆದರೆ ಎಲ್ಲವೂ ಒಟ್ಟಿಗೆ ಕಿತ್ತು ಬರುತ್ತವೆ. ಮುಟ್ಟಿದರೆ ಮುನಿಯಲ್ಲಿ ನಾಲ್ಕೇ.

ಕರಿಜಾಲಿ ಮತ್ತು ಕಗ್ಗಲಿಯ ನಡುವೆ ಕೇಸರದಿಂದ ಪ್ರಯೋಜನವಿಲ್ಲ. ಕರಿಜಾಲಿಯದು ಹಳದಿ ಚೆಂಡು, ನೆಟ್ಟನೆಯ ಜೋಡಿ ಮುಳ್ಳು, ಬೀಜಬೀಜದ ನಡುವೆ ಹಿಸುಕಿದ ಮಣಿಸರದ ಕಾಯಿ. ಕಗ್ಗಲಿಯದು ಮಾಸಲು ಕದಿರು, ಕೊಕ್ಕೆ ಮುಳ್ಳು, ಚಪ್ಪಟೆ ಕಾಯಿ. ಇಷ್ಟು ಹತ್ತಿರದ ಕುಲಗಳ ನಡುವೆ ಕಾಯಿಗೂ ಸ್ವಲ್ಪ ಬೆಲೆ ಬರುತ್ತದೆ ಎಂಬುದನ್ನು ಒಪ್ಪುತ್ತೇನೆ.

ಜಗಳೂರಿನವನು

ಹಾಗಾದರೆ ನಮ್ಮೂರ ಜಗಳ ಇಲ್ಲೇ ತೀರಲಿ. ದಸರೆಗೆ ನಾವು ಮುಡಿಯುವ ಬನ್ನಿ ನಿಜವಾದ ಬನ್ನಿ ಅಲ್ಲ ಎಂದು ದಾವಣಗೆರೆಯಿಂದ ಬಂದ ನೆಂಟರು ಪ್ರತಿವರ್ಷ ಹೇಳುತ್ತಾರೆ. ಊರ ಹಿರಿಯರು ಒಪ್ಪುವುದಿಲ್ಲ. ದೇವಸ್ಥಾನದ ಹಿಂದಿನ ಮರದ್ದು ಕೊಕ್ಕೆ ಮುಳ್ಳು, ಎರಡೆರಡಾಗಿ ಇವೆ. ಈಗ ಕೊಂಬೆಯಲ್ಲಿ ತೆಳು ಕಂದು ಕಾಯಿಗಳು ಒಡೆದು ನಿಂತಿವೆ. ಕೆಳಗೆ ಬಿದ್ದಿದ್ದ ಒಂದು ಒಣ ಕದಿರೂ ಸಿಕ್ಕಿದೆ.

ಒಣಗಿಸಿದ ಮಾದರಿ (ಚಿತ್ರದುರ್ಗ)

ಒಣ ಕದಿರನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಬಿಡಿ, ಮೆತ್ತಗಾಗುತ್ತದೆ. ಹಾಳೆಯಿಂದ ತೆಗೆದ ಹೂವುಗಳನ್ನು ನಾವು ಹೀಗೆಯೇ ಬಿಡಿಸುತ್ತೇವೆ. ನಂತರ ಬಿಳಿ ತಟ್ಟೆಯ ಮೇಲೆ ಒಂದು ಹೂವು ಇಟ್ಟು ಕೇಸರ ಎಣಿಸಿ. ಹತ್ತಿದ್ದರೆ ಪ್ರೊಸೋಪಿಸ್ ಸಿನೆರೇರಿಯಾ, ನಿಮ್ಮ ನೆಂಟರು ನಿಜವಾದದ್ದು ಎನ್ನುವ ಬನ್ನಿ. ಎಣಿಕೆ ತಪ್ಪಿಹೋಗುವಷ್ಟಿದ್ದರೆ ಸೆನೆಗಾಲಿಯಾ ಫೆರುಜಿನಿಯಾ, ಕಗ್ಗಲಿಯ ಕುಲ. ಮೊದಲನೆಯದರ ಮುಳ್ಳು ಗೆಣ್ಣುಗಳ ನಡುವೆ ಅಲ್ಲಲ್ಲಿ ಚದುರಿರುತ್ತದೆ, ಕಾಯಿ ಸಪೂರವಾಗಿ ಜೋತುಬಿದ್ದು ಒಳಗೆ ತಿರುಳು ತುಂಬಿರುತ್ತದೆ, ಒಡೆಯುವುದಿಲ್ಲ. ನೀವು ಹೇಳಿದ ಲಕ್ಷಣ ಎರಡನೆಯದರದ್ದು. ಆದರೂ ಎಣಿಸಿ.

ಚಳ್ಳಕೆರೆ ಎಣ್ಣೆಕಾಳು

ತಿರುಳು ಸಿಹಿಯೋ ಅಲ್ಲವೋ ಎಂದು ಬಾಯಿಗೆ ಹಾಕಿ ನೋಡಿದರೆ ಬೇಗ ತಿಳಿಯುತ್ತದೆ.

ತಂಗಡಿ ಹೂವು (ದಾವಣಗೆರೆ)

ದಯವಿಟ್ಟು ಬೇಡ. ಗುಲಗಂಜಿ ಇದೇ ಕುಟುಂಬದ್ದು, ಅದರ ಬೀಜವನ್ನು ಅಗಿದರೆ ಪ್ರಾಣಕ್ಕೇ ಅಪಾಯ. ಗುರುತು ಸಿಗದ ಕಾಯಿ ತಟ್ಟೆಯ ಮೇಲಿರಲಿ, ನಾಲಿಗೆಯ ಮೇಲೆ ಬೇಡ. ಮಕ್ಕಳು ಜೊತೆಗಿದ್ದರೆ ಇನ್ನೂ ಹೆಚ್ಚು ಎಚ್ಚರ.

ಜಗಳೂರಿನವನು

ಎಣಿಸಿದೆವು. ನಾನೊಮ್ಮೆ, ಮಗಳೊಮ್ಮೆ, ಇಬ್ಬರ ಲೆಕ್ಕವೂ ಸೇರಲಿಲ್ಲ. ಹತ್ತನ್ನಂತೂ ದಾಟಿ ಎಲ್ಲೋ ಹೋಯಿತು. ಚಿತ್ರ ಹಾಕಿದ್ದೇನೆ.

ಒಣಗಿಸಿದ ಮಾದರಿ (ಚಿತ್ರದುರ್ಗ)

ಸೆನೆಗಾಲಿಯಾ ಫೆರುಜಿನಿಯಾ. ಕನ್ನಡದಲ್ಲಿ ಈ ಮರವನ್ನೂ ಬನ್ನಿ ಎಂದೇ ಕರೆಯುತ್ತಾರೆ. ನೆಂಟರಿಗೂ ಹಿರಿಯರಿಗೂ ಇದನ್ನೇ ತೋರಿಸಿ, ಇಬ್ಬರೂ ಗೆದ್ದರು ಎನ್ನಿ.

ಜೋಗಿಮಟ್ಟಿ ನಡಿಗೆ (ಚಿತ್ರದುರ್ಗ)

ನಾನು ಇವತ್ತು ಗುಲ್‌ಮೊಹರ್, ಹೊಂಗೆ, ಕಕ್ಕೆ ಮೂರರ ಮೊಗ್ಗನ್ನೂ ಬಿಡಿಸಿದೆ. ಹೊಂಗೆ ಈಗ ಕೊನೆಯ ಗೊಂಚಲುಗಳಲ್ಲಿದೆ, ಮೊಗ್ಗು ಗೋಧಿಕಾಳಿಗಿಂತ ಸ್ವಲ್ಪ ದೊಡ್ಡದು, ಕೈ ನಡುಗುತ್ತದೆ. ಗುಲ್‌ಮೊಹರ್‌ನ ಬಿಳಿ ದಳ ನಿಜಕ್ಕೂ ಒಳಗಡೆಯೇ ಇತ್ತು. ಕಕ್ಕೆಯಲ್ಲಿ ಮೂರು ಕೇಸರಗಳು ಉಳಿದವುಗಳಿಗಿಂತ ತುಂಬ ಉದ್ದವಾಗಿ ಕೆಳಗಿಳಿದು ಮತ್ತೆ ಮೇಲಕ್ಕೆ ಬಾಗಿವೆ. ತಂಗಡಿಯಲ್ಲಿ ಹಾಗಿಲ್ಲವಲ್ಲ?

ತಂಗಡಿ ಹೂವು (ದಾವಣಗೆರೆ)

ಇಲ್ಲ, ಕ್ಯಾಸಿಯಾ ಮತ್ತು ಸೆನ್ನಾ ಕುಲಗಳನ್ನು ಬೇರ್ಪಡಿಸುವ ಗುರುತೇ ಆ ಬಾಗಿದ ಮೂರು ಕೇಸರ. ಹಿಂದೆ ಎರಡನ್ನೂ ಕ್ಯಾಸಿಯಾ ಎಂದೇ ಬರೆಯುತ್ತಿದ್ದರು. ತಂಗಡಿಯ ಪರಾಗಕೋಶದ ತುದಿಯನ್ನು ಮಸೂರದಲ್ಲಿ ನೋಡಿ, ಸಣ್ಣ ರಂಧ್ರಗಳಿವೆ. ಪರಾಗ ಅಲ್ಲಿಂದ ಮಾತ್ರ ಹೊರಬರುತ್ತದೆ. ಮಕರಂದ ಇಲ್ಲದ ಈ ಹೂವಿಗೆ ಕಪ್ಪು ದುಂಬಿ ಬಂದು ಕೇಸರ ಹಿಡಿದು ಮೈಯನ್ನೇ ಗುಂಯ್‌ಗುಡಿಸುತ್ತದೆ, ಪುಡಿ ಚಿಮ್ಮುತ್ತದೆ. ಬೆಳಿಗ್ಗೆ ಬಿಸಿಲೇರುವ ಮುನ್ನ ಗಿಡದ ಬಳಿ ನಿಂತರೆ ಆ ಸದ್ದಿನ ಏರಿಳಿತ ಕೇಳುತ್ತದೆ, ಹಾರುವಾಗಿನ ಸದ್ದಿಗಿಂತ ಬೇರೆ.

ಕಮರದ ಹೂವು ಬಂದಾಗ ಹಿರಿಯೂರಿನ ಯಜಮಾನರು ಇಲ್ಲೇ ತಿಳಿಸಲಿ. ಕೊಂಬೆ ಕಡಿಯುವುದು ಬೇಡ, ಕೈಗೆಟಕುವ ಒಂದು ಗೊಂಚಲಿನ ಚಿತ್ರ ಸಾಕು. ಹೊರದಳ ಐದು, ದಳ ಸೊನ್ನೆ, ಕೇಸರ ಹತ್ತು ಸರಿಯಾಗಿ ಕಾಣುವಷ್ಟು ಹತ್ತಿರದಿಂದ ತೆಗೆಯಬೇಕು.

ಹಿರಿಯೂರು ಬೇಸಾಯ

ಆಗಲಿ ಮೇಡಂ. ನನ್ನ ಮೊಬೈಲ್ ಅಷ್ಟು ಹತ್ತಿರದ್ದನ್ನು ತೆಗೆಯುವುದಿಲ್ಲ. ಕೊಂಡಜ್ಜಿಯವರು ಕ್ಯಾಮೆರಾ ತರುವುದಾದರೆ ಮರ ತೋರಿಸುತ್ತೇನೆ, ಊಟ ನಮ್ಮ ಮನೆಯಲ್ಲೇ.

ಕೊಂಡಜ್ಜಿ ಕ್ಯಾಮೆರಾ

ಬಂದೆ ಅಂದುಕೊಳ್ಳಿ. ಹೂವು ಬಿಟ್ಟ ದಿನವೇ ಫೋನ್ ಮಾಡಿ.